ದಾಖಲೆ ಪುಸ್ತಕದಲ್ಲಿ ಉಳಿದ ಹೆಸರುಗಳು



ಶತಮಾನೋತ್ಸವದ ಈ ಸ್ಮರಣ ಸಂಚಿಕೆಗಾಗಿ ಲೇಖನಿ ಹಿಡಿದಾಗ, ಕೆಲವು ವರ್ಷಗಳ ಹಿಂದೆ ನಾನು ಭಾಗವಹಿಸಿದ್ದ ಧಾರ್ಮಿಕ ಗ್ರಂಥಪಾಲಕರ ಹಾಗೂ ದಾಖಲೆಪಾಲಕರ ಸಮ್ಮೇಳನವು ನೆನಪಾಗುತ್ತಿದೆ. ಬಲಿಪೂಜೆ, ಪ್ರಬೋಧನೆ, ರೋಗಿಗಳ ಭೇಟಿಗಳ ನಡುವೆ ಹಳೆಯ ಪುಸ್ತಕಗಳ ಚಿಂತೆ ಗುರುವಿಗೇಕೆ ಎಂದುಕೊಂಡೇ ಅಲ್ಲಿಗೆ ಹೋಗಿದ್ದೆನು. ಹಿಂದಿರುಗುವಾಗ ಆ ಭಾವನೆ ಉಳಿದಿರಲಿಲ್ಲ.

ಅಲ್ಲಿ ಮೊದಲು ಪ್ರಸ್ತಾಪಗೊಂಡದ್ದು ಟ್ರೆಂಟ್ ಮಹಾಸಭೆ. ಆ ಕಾಲದ ಯೂರೋಪಿನಲ್ಲಿ ಗುಟ್ಟಿನ ವಿವಾಹಗಳು ನಡೆಯುತ್ತಿದ್ದವು. ಸಾಕ್ಷಿಯಿಲ್ಲದೆ ಕೈಹಿಡಿದವಳನ್ನು ತೊರೆದು ಪುರುಷನು ಮತ್ತೊಬ್ಬಳನ್ನು ಬಹಿರಂಗವಾಗಿ ವರಿಸಿದರೆ, ಮೊದಲನೆಯವಳಿಗೆ ಯಾವ ಆಧಾರವೂ ಇರಲಿಲ್ಲ. ಈ ಅನ್ಯಾಯವನ್ನು ತಡೆಯಲೆಂದು ಮಹಾಸಭೆಯು 1563ರ ನವೆಂಬರ್ 11ರಂದು, ವಿವಾಹವು ಗುರುವಿನ ಮತ್ತು ಸಾಕ್ಷಿಗಳ ಸಮ್ಮುಖದಲ್ಲಿ ನಡೆಯತಕ್ಕದ್ದೆಂದೂ, ವಧೂವರರ ಹಾಗೂ ಸಾಕ್ಷಿಗಳ ಹೆಸರು, ದಿನ, ಸ್ಥಳಗಳನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದೆಂದೂ ವಿಧಿಸಿತು. 1614ರಲ್ಲಿ ಐದನೆಯ ಪೌಲ್ ಜಗದ್ಗುರುಗಳು ಹೊರಡಿಸಿದ ಸಂಸ್ಕಾರವಿಧಿ ಗ್ರಂಥವು ದೀಕ್ಷಾಸ್ನಾನ, ದೃಢೀಕರಣ, ವಿವಾಹ, ಕುಟುಂಬ ವಿವರ, ಮರಣ ಎಂಬ ಐದು ಪುಸ್ತಕಗಳಿಗೆ ಮಾದರಿಯೊದಗಿಸಿತು. ಅಬಲೆಯ ರಕ್ಷಣೆಗಾಗಿ ಬಲಗೊಂಡ ಈ ಪದ್ಧತಿಯೇ ನಮ್ಮ ಗುರುನಿವಾಸದ ಕಪಾಟಿನವರೆಗೂ ಬಂದಿದೆ.

1881ರಲ್ಲಿ ವ್ಯಾಟಿಕನ್ನಿನ ದಾಖಲೆಭಂಡಾರವನ್ನು ವಿದ್ವಾಂಸರಿಗೆ ತೆರೆದವರು ಹದಿಮೂರನೆಯ ಲಿಯೋ ಜಗದ್ಗುರುಗಳು. 1886ರಲ್ಲಿ ಭಾರತದ ಧರ್ಮಾಧ್ಯಕ್ಷೀಯ ವ್ಯವಸ್ಥೆಯನ್ನು ಸ್ಥಾಪಿಸಿದವರೂ ಅವರೇ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ವಿಧಿಯು, ಪ್ರತಿ ಧರ್ಮಕೇಂದ್ರದಲ್ಲಿಯೂ ದಾಖಲೆ ಪುಸ್ತಕಗಳಿರಬೇಕೆಂದೂ, ಹಳೆಯವನ್ನು ಎಚ್ಚರದಿಂದ ಕಾಪಾಡಬೇಕೆಂದೂ ಆಜ್ಞಾಪಿಸುತ್ತದೆ.

ಸಮ್ಮೇಳನದಿಂದ ಬಂದವನೇ ನಮ್ಮ ಕಪಾಟನ್ನು ತೆರೆದೆನು. ತೇವದ ಗೋಡೆಗೆ ತಾಗಿದ್ದ ಹಳೆಯ ದೀಕ್ಷಾಸ್ನಾನದ ಪುಸ್ತಕದ ಹಲವು ಹಾಳೆಗಳನ್ನು ಗೆದ್ದಲು ತಿಂದಿತ್ತು. ತಿಂಗಳೊಳಗೆ ವೃದ್ಧೆಯೊಬ್ಬರು ತಮ್ಮ ತಂದೆಯ ಹೆಸರನ್ನು ಹುಡುಕಿಕೊಂಡು ಬಂದರು. ಆ ಹಾಳೆಯೇ ಇರಲಿಲ್ಲ. “ಇರಲಿ ಸ್ವಾಮಿ, ದೇವರ ಪುಸ್ತಕದಲ್ಲಿ ಇರುತ್ತದಲ್ಲ” ಎಂದು ಅವರೇ ನನ್ನನ್ನು ಸಂತೈಸಿದರು. ಆದರೆ ದೇವರು ನಮ್ಮ ಕೈಗೊಪ್ಪಿಸಿದ ಪುಸ್ತಕಕ್ಕೆ ನಾವೇ ಉತ್ತರವಾದಿಗಳು.

ಈಗ ಪುಸ್ತಕಗಳು ಗೋಡೆಯಿಂದ ದೂರವಾಗಿ, ಉಕ್ಕಿನ ಬೀರುವಿನಲ್ಲಿವೆ. ಪ್ರತಿ ಪುಟದ ಛಾಯಾಪ್ರತಿಯನ್ನೂ ತೆಗೆದಿರಿಸಿದ್ದೇವೆ. ನಿಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಹಿರಿಯರ ದೀಕ್ಷಾಸ್ನಾನದ ಅಥವಾ ವಿವಾಹದ ಪತ್ರಗಳಿದ್ದಲ್ಲಿ ದಯವಿಟ್ಟು ತಂದು ತೋರಿಸಿರಿ. ಪ್ರತಿಮಾಡಿಕೊಂಡು ಹಿಂದಿರುಗಿಸುತ್ತೇವೆ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬೇಡಿರಿ.

ನೂರು ವರ್ಷಗಳ ಹಿಂದೆ ಇಲ್ಲಿ ಮೊಣಕಾಲೂರಿದವರು ನಮಗೆ ವಿಶ್ವಾಸವನ್ನು ಬಿಟ್ಟುಹೋದರು. ಅವರ ಹೆಸರುಗಳನ್ನಾದರೂ ನಾವು ಮುಂದಿನವರಿಗೆ ಉಳಿಸಿಕೊಡೋಣ.