ಹಲ್ಲಿನ ಕ್ಯಾಪ್

ಹುಳುಕು ಹಿಡಿದು, ಒಡೆದು ಅಥವಾ ಸವೆದು ಬಲಗುಂದಿದ ಹಲ್ಲನ್ನು ಸುತ್ತಲೂ ಕೊರೆದು, ಅದರ ಮೇಲೆ ಅಂಟಿಸುವ ಲೋಹದ ಅಥವಾ ಪಿಂಗಾಣಿಯ ಕವಚ. ವೈದ್ಯರು ಇದನ್ನು ಕ್ರೌನ್ ಎನ್ನುತ್ತಾರೆ. ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಸಾಮಾನ್ಯವಾಗಿ ಇದನ್ನು ಹಾಕುತ್ತಾರೆ. ಇದರ ಚರಿತ್ರೆಯಲ್ಲಿ ಎಲ್ಲರನ್ನೂ ಕಾಡಿದ ಸಮಸ್ಯೆ ಅಳತೆಯದು. ಕವಚದ ಅಂಚು ಹಲ್ಲಿಗೆ ಸಂದಿಲ್ಲದಂತೆ ಕೂರದಿದ್ದರೆ ಒಳಗೆ ಮತ್ತೆ ಹುಳುಕು ಹಿಡಿಯುತ್ತದೆ.

ಇಟಲಿಯ ಎಟ್ರುಸ್ಕನ್ ಜನ ಕ್ರಿಸ್ತಪೂರ್ವ 7ನೇ ಶತಮಾನದ ಹೊತ್ತಿಗೇ ಬದಲಿ ಹಲ್ಲುಗಳನ್ನು ಚಿನ್ನದ ಪಟ್ಟಿಯಿಂದ ಪಕ್ಕದ ಹಲ್ಲುಗಳಿಗೆ ಬಿಗಿಯುತ್ತಿದ್ದರು. ಆದರೆ ಉಳಿದ ಹಲ್ಲನ್ನೇ ಕಾಪಾಡುವ ಯೋಚನೆ ಸ್ಪಷ್ಟವಾಗಿ ಕಾಣುವುದು 18ನೇ ಶತಮಾನದ ಫ್ರಾನ್ಸಿನಲ್ಲಿ. ಬೇರಿನೊಳಗೆ ಲೋಹದ ಕಡ್ಡಿ ತೂರಿಸಿ, ಅದರ ಮೇಲೆ ಹಲ್ಲು ನಿಲ್ಲಿಸುವುದನ್ನು ಪಿಯರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿ ವಿವರಿಸಿದ. 1746ರಲ್ಲಿ ಕ್ಲೋದ್ ಮೂತೋಂ ಚಿನ್ನದ ಕವಚದ ವಿಷಯ ಬರೆದ. ಅಮೆರಿಕದಲ್ಲಿ ಮುಂದೆ ಕಡ್ಡಿಯ ಬದಲು ಒಣಗಿಸಿದ ಹಿಕೋರಿ ಮರದ ಗೂಟವೂ ಬಳಕೆಗೆ ಬಂತು. ಅದು ಬಾಯಿಯ ತೇವಕ್ಕೆ ಉಬ್ಬಿ ಬಿಗಿಯುತ್ತಿತ್ತು, ಕೆಲವೊಮ್ಮೆ ಬೇರನ್ನೇ ಸೀಳುತ್ತಿತ್ತು.

ಪೂರ್ತಿ ಪಿಂಗಾಣಿಯ ಕ್ಯಾಪ್ ಡೆಟ್ರಾಯಿಟ್‌ನ ದಂತವೈದ್ಯ ಚಾರ್ಲ್ಸ್ ಲ್ಯಾಂಡ್‌ನ ಕೊಡುಗೆ. ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ವಿಮಾನದಲ್ಲಿ ದಾಟಿದ ಲಿಂಡ್‌ಬರ್ಗ್‌ಗೆ ಈತ ತಾಯಿಯ ತಂದೆ. ಕೊರೆದ ಹಲ್ಲಿನ ಅಚ್ಚಿನ ಮೇಲೆ ತೆಳುವಾದ ಪ್ಲಾಟಿನಂ ಹಾಳೆಯನ್ನು ಒತ್ತಿ, ಅದರ ಮೇಲೆ ಪಿಂಗಾಣಿ ಪುಡಿಯ ಕಣಕವನ್ನು ಮೆತ್ತಿ ಸುಟ್ಟು, ಆಮೇಲೆ ಹಾಳೆಯನ್ನು ಸುಲಿದು ತೆಗೆಯುವುದು ಅವನ ಉಪಾಯ. ನೋಡಲು ಆ ಕ್ಯಾಪ್ ನಿಜವಾದ ಹಲ್ಲಿನಂತೆಯೇ ಇತ್ತು, ಆದರೆ ಜಗಿಯುವಾಗ ಬಿರುಕು ಬಿಡುತ್ತಿತ್ತು.

ಅಳತೆಯ ಸಮಸ್ಯೆಗೆ ದೊಡ್ಡ ಉತ್ತರ ಸಿಕ್ಕಿದ್ದು 1907ರಲ್ಲಿ. ಮೇಣದಲ್ಲಿ ರೂಪ ತಿದ್ದಿ, ಸುತ್ತ ಅಚ್ಚು ಕಟ್ಟಿ, ಮೇಣವನ್ನು ಸುಟ್ಟು ಕಳೆದು, ಆ ಪೊಳ್ಳಿಗೆ ಕರಗಿದ ಚಿನ್ನವನ್ನು ಒತ್ತಡದಿಂದ ನುಗ್ಗಿಸುವ ಯಂತ್ರವನ್ನು ವಿಲಿಯಂ ಟ್ಯಾಗರ್ಟ್ ನ್ಯೂಯಾರ್ಕಿನಲ್ಲಿ ತೋರಿಸಿದ. ಅಯೋವಾದ ಫಿಲ್‌ಬ್ರೂಕ್ 1897ರಲ್ಲೇ ಇಂಥ ವಿಧಾನವನ್ನು ಪ್ರಕಟಿಸಿದ್ದರಿಂದ ಟ್ಯಾಗರ್ಟ್‌ನ ಪೇಟೆಂಟ್ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಹಾಗಾಗಿ ಆ ವಿಧಾನ ಎಲ್ಲ ವೈದ್ಯರಿಗೂ ದಕ್ಕಿತು. ಮೂಲ ತತ್ವವಾದರೂ ನಮ್ಮ ಶಿಲ್ಪಿಗಳಿಗೆ ಹೊಸದಲ್ಲ: ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಮೇಣದ ಅಚ್ಚಿನಿಂದ ವಿಗ್ರಹ ಎರೆಯುವ ಕ್ರಮವನ್ನು ವಿವರಿಸಿದ್ದಾನೆ.

ಲೋಹದ ಬಲ, ಪಿಂಗಾಣಿಯ ಚೆಲುವು ಎರಡನ್ನೂ ಕೂಡಿಸುವುದು ಸುಲಭವಿರಲಿಲ್ಲ. ಕಾದಾಗ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಆರುವಾಗ ಪಿಂಗಾಣಿ ಸಿಡಿಯುತ್ತದೆ. ಲ್ಯೂಸೈಟ್ ಎಂಬ ಖನಿಜದ ಪಾಲನ್ನು ಹೊಂದಿಸಿ ಪಿಂಗಾಣಿಯ ಹಿಗ್ಗುವಿಕೆಯನ್ನು ಲೋಹದ ಸಮೀಪಕ್ಕೆ ತಂದ ವಿಧಾನಕ್ಕೆ 1962ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಅಷ್ಟರಲ್ಲಿ, 1957ರಲ್ಲಿ, ಗಾಳಿಯಿಂದ ತಿರುಗುವ ಏರೋಟರ್ ಎಂಬ ಕೊರೆಯುವ ಸಾಧನ ಬಂದು ಹಲ್ಲು ಕೊರೆಯುವ ಸಮಯ, ನೋವು ಎರಡೂ ತಗ್ಗಿದ್ದವು. 1985ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ವರ್ನರ್ ಮೊರ್ಮನ್, ಮಾರ್ಕೋ ಬ್ರಾಂಡೆಸ್ಟಿನಿ ರೂಪಿಸಿದ ಸೆರೆಕ್ ಯಂತ್ರ ಬಾಯೊಳಗಿನ ಚಿತ್ರ ತೆಗೆದು, ಕಂಪ್ಯೂಟರ್ ನೆರವಿನಿಂದ ಪಿಂಗಾಣಿ ಕೊರೆಯಿತು. ಮೊದಲು ಹಲ್ಲಿನ ಕುಳಿ ತುಂಬಲು ಬಳಸಿದ ಈ ವಿಧಾನ ಮುಂದೆ ಕ್ಯಾಪ್‌ಗೂ ಬಂತು. ಇಂದಿನ ಜಿರ್ಕೋನಿಯಾ ಕ್ಯಾಪ್‌ಗಳನ್ನು ಕೊರೆಯುವುದೂ ಹೀಗೆಯೇ.

ಹೊಸದೆಲ್ಲವೂ ಎಲ್ಲ ಹಲ್ಲಿಗೂ ಮೇಲಲ್ಲ. ಪೂರ್ತಿ ಲೋಹದ ಕ್ಯಾಪ್ ತೆಳುವಾಗಿದ್ದರೂ ಮುರಿಯದು, ಅದಕ್ಕಾಗಿ ಸ್ವಂತ ಹಲ್ಲನ್ನು ಕಡಿಮೆ ಕೊರೆದರೆ ಸಾಕು. ಕಾಣದ ಹಿಂದಿನ ದವಡೆ ಹಲ್ಲಿಗೆ ವೈದ್ಯರು ಅದನ್ನು ಸೂಚಿಸಿದರೆ ಅಗ್ಗದ ಮಾಲೆಂದು ತಳ್ಳಿಹಾಕಬಾರದು.