34 ಮಿಲಿಮೀಟರ್ ಗಾಳಿಯ ಕಥೆ

ಬಿಟಿಎಂ ಅಂದ್ರೆ ಏನು? ಅಲ್ಲೇ ಬಾಡಿಗೆ ಮನೆ ಹಿಡಿದಿರೋ ಎಷ್ಟೋ ಹುಡುಗರಿಗೆ ಇವತ್ತಿಗೂ ಗೊತ್ತಿಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರುಗಳ ಮೊದಲ ಅಕ್ಷರ. ಪಕ್ಕದ ಮೈಕೋ ಲೇಔಟ್‌ಗೆ ಮಾತ್ರ ಹೆಸರು ಬಂದಿದ್ದು ಕಾರ್ಖಾನೆಯಿಂದ. ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜರ್ಮನಿಯ ಬಾಷ್ ಸಂಸ್ಥೆಯ ಭಾರತದ ಕೂಸು. 1951ರಲ್ಲಿ ಹುಟ್ಟಿ, ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಮಾಡ್ತಾ ಬೆಳೀತು.

ರ‍್ಯಾಲಿ ಕಾರಿನ ಇತಿಹಾಸ ಹೇಳೋಕೆ ಹೊರಟು ಪ್ಲಗ್ಗಿನ ಹತ್ರ ಯಾಕೆ ನಿಂತೆ ಅಂತೀರಾ? ಇಂಜಿನ್ನಿನ ಬಿಸಿಯ ಪುರಾಣವೆಲ್ಲ ಆ ಬೆರಳುದ್ದದ ವಸ್ತುವಿನಲ್ಲೇ ಇದೆ, ಅದಕ್ಕೆ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿಗಿಂತ ತಣ್ಣಗಿದ್ರೆ ಮಸಿ ಕಟ್ಟಿ ಕಿಡಿಯೇ ಬರಲ್ಲ. 850 ದಾಟಿದ್ರೆ ಕಿಡಿ ಹಾರೋ ಮೊದಲೇ ಪೆಟ್ರೋಲ್ ತಾನಾಗಿ ಹೊತ್ಕೊಳ್ಳುತ್ತೆ, ಪಿಸ್ಟನ್‌ಗೆ ತೂತು ಬೀಳುತ್ತೆ. ಈ ಎರಡರ ನಡುವೆ ಬದುಕಬೇಕು. ಹಾಗಾಗಿ ಪ್ಲಗ್ಗಲ್ಲೂ ಬಿಸಿ ಪ್ಲಗ್ಗು, ತಂಪು ಪ್ಲಗ್ಗು ಅಂತಿದೆ. ಬಾಷ್‌ನ ಹಳೇ ಲೆಕ್ಕದಲ್ಲಿ ನಂಬರ್ ಹೆಚ್ಚಿದಷ್ಟೂ ಪ್ಲಗ್ಗು ತಂಪು. ಆಫೀಸಿಗೆ ಹೋಗೋ ಕಾರಿಗೆ ಒಂದು ನಂಬರ್ ಆದ್ರೆ, ಗಂಟೆಗಟ್ಟಲೆ ದಮ್ಮು ಕಟ್ಟಿ ಓಡೋ ರ‍್ಯಾಲಿ ಕಾರಿಗೆ ಅದಕ್ಕಿಂತ ಮೇಲಿನ ನಂಬರ್.

ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ಶುರುವಾಗಿದ್ದು 1970ರ ದಶಕದಲ್ಲಿ. ಆಗ ದೇಶದಲ್ಲಿ ಸಿಗ್ತಿದ್ದ ಕಾರುಗಳೆಷ್ಟು? ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಫಿಯೆಟ್ ಅಂದ್ರೆ ನಮ್ಮ ಪದ್ಮಿನಿ, 1089 ಸಿಸಿ, ಸುಮಾರು 40 ಅಶ್ವಶಕ್ತಿ. ಇವತ್ತಿನ ಒಂದು ದೊಡ್ಡ ಬೈಕಿನಷ್ಟು! ರೇಡಿಯೇಟರ್ ಫ್ಯಾನು ಬೆಲ್ಟಿನ ಮೂಲಕ ಇಂಜಿನ್ ಜೊತೆಗೇ ತಿರುಗ್ತಿತ್ತು. ಘಾಟಿಯಲ್ಲಿ ಕಾರು ನಿಧಾನ ಹತ್ತುವಾಗ ಎದುರುಗಾಳಿ ಇಲ್ಲ, ಇಂಜಿನ್ ತಿರುಗಿದಷ್ಟೇ ಫ್ಯಾನು. ಬೆಲ್ಟ್ ಸಡಿಲವಾದ್ರೆ ಮುಗೀತು ಕಥೆ.

ಇನ್ನೊಂದು ಕಾಟ, ವೇಪರ್ ಲಾಕ್. ಇಂಜಿನ್ ಕಾವಿಗೆ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ, ಪಂಪು ಎಳೆದರೂ ಕಾರ್ಬ್ಯುರೇಟರಿಗೆ ಏನೂ ಬರಲ್ಲ. ಪರಿಹಾರ? ಪಂಪಿನ ಮೇಲೆ ಒದ್ದೆ ಬಟ್ಟೆ. ನಗಬೇಡಿ, ನೀರು ಆರುವಾಗ ಶಾಖ ಎಳ್ಕೊಂಡು ಹೋಗುತ್ತೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗೋದೂ ಇದೇ ಲೆಕ್ಕದಲ್ಲಿ. ನಮ್ಮ ಇಂಜಿನಿಯರಿಂಗ್ ಪುಸ್ತಕದಲ್ಲಿ ಇದಕ್ಕೆ ಒಂದು ಅಧ್ಯಾಯವೇ ಇತ್ತು, ಡ್ರೈವರುಗಳಿಗೆ ಒಂದು ಬಟ್ಟೆ ಸಾಕಾಗಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, 1985ರಲ್ಲಿ ಜಿಪ್ಸಿ. ಮಾರುತಿಯಲ್ಲಿ ಫ್ಯಾನು ಕರೆಂಟಿನದು. ನೀರು ಕಾದಾಗ ತಾನೇ ತಿರುಗುತ್ತೆ, ಕಾರು ನಿಂತಿದ್ರೂ ಸರಿ. ಸಣ್ಣ ಬದಲಾವಣೆ ಅನ್ಸುತ್ತೆ ಅಲ್ವಾ? ಒಂದೇ ಇಂಜಿನ್ ಇಟ್ಕೊಂಡು ಸ್ವಂತ ದುಡ್ಡಲ್ಲಿ ರ‍್ಯಾಲಿಗೆ ಇಳಿಯೋನಿಗೆ ಕೇಳಿ ನೋಡಿ. ಒಂದು ರಬ್ಬರ್ ಪೈಪು ಒಡೆದು ನೀರು ಸೋರಿದ್ರೆ ಅವನ ಇಡೀ ವರ್ಷವೇ ಹೋಯ್ತು. ಬೆಂಗಳೂರಲ್ಲಂತೂ ನೀರು 97 ಡಿಗ್ರಿಗೇ ಕುದಿಯುತ್ತೆ, ನಾವು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೀವಿ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದಿಟ್ಕೊಂಡಿದ್ರಿಂದ ತಾನೇ ಅದು 120ರ ಹತ್ತಿರದವರೆಗೂ ತಡೆಯೋದು. ಬಿಸಿ ಇಂಜಿನ್ನಿನ ಮುಚ್ಚಳ ತೆಗೆಯಬೇಡಿ ಅನ್ನೋದು ಇದಕ್ಕೇ.

ಅದೇ ಎತ್ತರ ಗಾಳಿಯನ್ನೂ ತೆಳುವಾಗಿಸುತ್ತೆ. ಚೆನ್ನೈನಲ್ಲಿ ಓಡಿದ ಟರ್ಬೋ ಇಲ್ಲದ ಇಂಜಿನ್ ಇಲ್ಲಿಗೆ ಬಂದ್ರೆ ಹತ್ತಿರ ಹತ್ತಿರ ಶೇಕಡ 10ರಷ್ಟು ಶಕ್ತಿ ಕಮ್ಮಿ. ಇನ್ನು ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಇಂಜಿನ್ ಎಳೆದುಕೊಂಡ್ರೆ ಪ್ರತಿ 10 ಡಿಗ್ರಿಗೆ ಶೇಕಡ 3ರಷ್ಟು ಗಾಳಿ ಕಮ್ಮಿ. ಹಾಗಾಗಿ ರ‍್ಯಾಲಿ ಕಾರು ತಣ್ಣನೆ ಗಾಳಿ ಹುಡುಕ್ಕೊಂಡು ಮೂಗು ಹೊರಗೆ ಚಾಚುತ್ತೆ. ಆದ್ರೆ ಹೊರಗೆ ಧೂಳು, ಹಳ್ಳದ ನೀರು. ನೀರು ಒತ್ತಿದ್ರೆ ಕುಗ್ಗಲ್ಲ. ಸಿಲಿಂಡರಿಗೆ ನುಗ್ಗಿದ್ರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಸದ್ದು ಚೆನ್ನಾಗಿ ಬರುತ್ತೆ ಅಂತ ಏರ್ ಫಿಲ್ಟರ್ ಕಿತ್ತುಹಾಕಿ ಜೆ.ಪಿ. ನಗರದ ರಸ್ತೆಯಲ್ಲಿ ಓಡಿಸೋ ತಮ್ಮಂದಿರೇ, ಆ ಧೂಳು ಸಿಲಿಂಡರಿಗೆ ಉಪ್ಪುಕಾಗದ ಇದ್ದ ಹಾಗೆ.

ಈಗ ಬನ್ನಿ 1995ಕ್ಕೆ. ವಿಶ್ವ ರ‍್ಯಾಲಿಯಲ್ಲಿ ಟರ್ಬೋ ಕಾರುಗಳ ಕಾಲ. ಟರ್ಬೋ ಗಾಳಿಯನ್ನ ಒತ್ತಿ ತುಂಬುತ್ತೆ, ಒತ್ತಿದ ಗಾಳಿ ಕಾಯುತ್ತೆ, ಅದನ್ನ ತಣ್ಣಗೆ ಮಾಡೋಕೆ ಇಂಟರ್‌ಕೂಲರ್. ಶಕ್ತಿ ಮಿತಿಮೀರಬಾರದು ಅಂತ ಎಫ್‌ಐಎ ಒಂದು ನಿಯಮ ತಂತು. ಗಾಳಿಯೆಲ್ಲ 34 ಮಿಲಿಮೀಟರ್ ಅಗಲದ ಉಂಗುರದ ಮೂಲಕವೇ ಹೋಗಬೇಕು. ಅಷ್ಟು ಕಿರಿದಾದ ದಾರಿಯಲ್ಲಿ ಗಾಳಿಯ ವೇಗ ಶಬ್ದದ ವೇಗ ಮುಟ್ಟುತ್ತೆ, ಆಮೇಲೆ ಏನು ಮಾಡಿದ್ರೂ ಹೆಚ್ಚು ಗಾಳಿ ಬರಲ್ಲ.

ಸ್ಪೇನಿನ ಕ್ಯಾಟಲೋನಿಯಾ ರ‍್ಯಾಲಿಯಲ್ಲಿ ಟೊಯೊಟಾ ಸೆಲಿಕಾ ಬಿಚ್ಚಿ ನೋಡಿದಾಗ ಅಧಿಕಾರಿಗಳೇ ಬೆಚ್ಚಿದ್ರು. ಬಿಗಿ ಮಾಡಿದಾಗ ಉಂಗುರ ಸ್ಪ್ರಿಂಗ್ ಬಲದಿಂದ ಜರುಗಿ ಸಂದು ಬಿಡ್ತಿತ್ತು. ಆ ಸಂದಿನಿಂದ ಕಾಲು ಭಾಗದಷ್ಟು ಹೆಚ್ಚುವರಿ ಗಾಳಿ! ಬಿಚ್ಚಿದ ತಕ್ಷಣ ಮತ್ತೆ ಸ್ವಸ್ಥಾನಕ್ಕೆ. ಎಫ್‌ಐಎ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ಅದರ ಜಾಣತನ ಮೆಚ್ಚಿಕೊಂಡೇ ಶಿಕ್ಷೆ ಕೊಟ್ಟರು. ತಂಡದ ಅಂಕಗಳೆಲ್ಲ ರದ್ದು, 1996ರಲ್ಲಿ ಪ್ರವೇಶವಿಲ್ಲ. ಕಂಕುನೆನ್, ಓರಿಯೋಲ್ ಅಂಥ ವಿಶ್ವ ಚಾಂಪಿಯನ್ನರ ಅಂಕಗಳೂ ಹೋದವು. ನನ್ನ ಕೇಳಿದ್ರೆ, ಅಷ್ಟು ಬುದ್ಧಿ ಖರ್ಚು ಮಾಡಿದವರಿಗೆ ನ್ಯಾಯವಾಗಿ ಗೆಲ್ಲೋ ದಾರಿಯೂ ಹೊಳೀತಿತ್ತು.

ಚಿಕ್ಕಮಗಳೂರಿನ ಕಾಫಿ ತೋಟಗಳಿಗೂ ಏಷ್ಯಾ ಪೆಸಿಫಿಕ್ ರ‍್ಯಾಲಿ ಬಂತು. 2013ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದ ಮೊದಲ ಭಾರತೀಯ ಗೌರವ್ ಗಿಲ್ ಓಡಿಸಿದ್ದು ಸ್ಕೋಡಾ ಫೇಬಿಯಾ ಎಸ್2000. ಅದಕ್ಕೆ ಟರ್ಬೋನೇ ಇಲ್ಲ, ಎರಡು ಲೀಟರ್ ಇಂಜಿನ್ ಎಳೆದುಕೊಂಡಷ್ಟೇ ಗಾಳಿ. ಆಮೇಲೆ ಬಂದ ಆರ್5 ಕಾರುಗಳು 1.6 ಲೀಟರ್ ಟರ್ಬೋ. ಅವಕ್ಕೆ ಉಂಗುರ ಇನ್ನೂ ಸಣ್ಣದು, 32 ಮಿಲಿಮೀಟರ್.

ಆ ಟೊಯೊಟಾ ಇವತ್ತು ನಮ್ಮ ಬಿಡದಿಯಲ್ಲೇ ಕಾರು ಮಾಡುತ್ತೆ. ಮೈಕೋ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡು, ಆಡುಗೋಡಿಯ ಕಾರ್ಖಾನೆ ಕೆಲಸವನ್ನ ಅದೇ ಬಿಡದಿಗೆ ಸಾಗಿಸ್ತು. ಆಡುಗೋಡಿಯ ಜಾಗದಲ್ಲಿ ಈಗ ಸಾಫ್ಟ್‌ವೇರ್ ಬರೆಯೋರ ಕ್ಯಾಂಪಸ್ಸಿದೆ. 2022ರಲ್ಲಿ ಉದ್ಘಾಟನೆಯಾದಾಗ ಅದಕ್ಕೆ ಇಟ್ಟ ಹೆಸರು ಸ್ಪಾರ್ಕ್ ಎನ್‌ಎಕ್ಸ್‌ಟಿ.