ಚೆಕ್: ರಾಜನಿಂದ ಬಂದ ಪದ

ಹಾಲು ಉಕ್ಕಿತೇ, ಗ್ಯಾಸ್ ಆಫ್ ಆಯಿತೇ, ದುಡ್ಡು ಜಮೆಯಾಯಿತೇ? ಎಲ್ಲಕ್ಕೂ ನಮಗೆ ಒಂದೇ ಮಾತು: 'ಚೆಕ್ ಮಾಡು'. ಈ ಪುಟ್ಟ ಇಂಗ್ಲಿಷ್ ಪದದ ಬೇರು ಪರ್ಷಿಯನ್ ಭಾಷೆಯ 'ಶಾಹ್', ಅಂದರೆ ರಾಜ. ಚದುರಂಗದಲ್ಲಿ ಎದುರಾಳಿಯ ರಾಜನಿಗೆ ಅಪಾಯ ಒಡ್ಡಿದಾಗ ಕೂಗುತ್ತಿದ್ದ ಎಚ್ಚರಿಕೆ ಅದು. ಅರಬ್ಬಿ, ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದು 'ಚೆಕ್' ಆಯಿತು. ರಾಜನ ನಡೆಯನ್ನು ತಡೆಯುವುದರಿಂದ 'ತಡೆ' ಎಂಬ ಅರ್ಥ ಹುಟ್ಟಿತು. ತಪ್ಪು ನುಸುಳದಂತೆ ತಡೆಯುವುದೇ ಮುಂದೆ 'ಪರಿಶೀಲನೆ'ಯಾಯಿತು. ಚೆಕ್‌ಪೋಸ್ಟಿನಲ್ಲಿ ಎರಡೂ ಅರ್ಥ ಒಟ್ಟಿಗಿವೆ: ಲಾರಿಯನ್ನು ತಡೆಯುತ್ತಾರೆ, ಆಮೇಲೆ ನೋಡುತ್ತಾರೆ. ಚೆಕ್ಸ್ ಅಂಗಿಯ ಚೌಕಗಳು ಚದುರಂಗದ ಹಾಸಿನವು. ಬ್ಯಾಂಕಿನ ಚೆಕ್ಕೂ ಇದೇ ವಂಶದ್ದು, ಮೋಸ ತಡೆಯಲೆಂದು ಬಂದದ್ದು.

ಪದ ನಮ್ಮದಾಗಿದೆ, ಬಳಸಲು ಸಂಕೋಚ ಬೇಡ. ಆದರೆ ಎಲ್ಲ ಕಡೆಗೂ ಇದೊಂದೇ ಸಾಲದು. ಅಕ್ಕಸಾಲಿಗ ಕಪ್ಪು ಕಲ್ಲಿನ ಮೇಲೆ ಉಂಗುರವನ್ನು ಒಮ್ಮೆ ಉಜ್ಜಿ, ಮೂಡಿದ ಹಳದಿ ಗೆರೆಯನ್ನು ಬೆಳಕಿಗೆ ಹಿಡಿಯುತ್ತಾನೆ. ಅದು 'ಒರೆಹಚ್ಚುವುದು'. ಪತ್ರದ ಮೇಲೆ 'ಕಣ್ಣಾಡಿಸುತ್ತೇವೆ', ಮಾತನ್ನು 'ತೂಗಿ ನೋಡುತ್ತೇವೆ', ಲೆಕ್ಕವನ್ನು 'ತಾಳೆ ನೋಡುತ್ತೇವೆ', ಅನ್ನ ಬೆಂದಿದೆಯೇ ಎಂದು ಅಗುಳು 'ಹಿಸುಕಿ ನೋಡುತ್ತೇವೆ'. ನೋಡುವ ರೀತಿ ಬದಲಾದಂತೆ ಕ್ರಿಯಾಪದವೂ ಬದಲಾಗುವುದು ಕನ್ನಡದ ದೊಡ್ಡ ಸಿರಿ. ಮುಂದಿನ ಸಲ 'ಚೆಕ್ ಮಾಡು' ಎನ್ನುವ ಮುನ್ನ ಇವುಗಳಲ್ಲಿ ಒಂದನ್ನು ಬಳಸಿ ನೋಡಿ.